ಬೆನ್ನೊಡೆದ ಜೀರುಂಡೆ

ತೀರ್ಥಹಳ್ಳಿ, ಮೇ 18, 2025, ಭಾನುವಾರ

ನಾಲ್ಕು ಹನಿ ಮಳೆ ಬಿದ್ದದ್ದೇ ತಡ, ಹಿತ್ತಿಲಿನ ಹಲಸಿನ ಮರದ ಬುಡದಿಂದ ಆಳೆತ್ತರದವರೆಗೂ ಜೀರುಂಡೆಯ ಪೊರೆಗಳು ಅಂಟಿಕೊಂಡಿವೆ. “ಕೂಗಿ ಕೂಗಿ ಬೆನ್ನೊಡೆದು ಸತ್ತಿವೆ ನೋಡು, ಪಾಪ” ಎಂದರು ಅತ್ತೆ. ಸತ್ತಿಲ್ಲ ಅತ್ತೆ, ಇದನ್ನು ಕಳಚಿಟ್ಟು ಹೋದದ್ದು ಆಗಿನ್ನೂ ಕೂಗಲು ಶುರುವೇ ಮಾಡಿರಲಿಲ್ಲ ಎಂದೆ. ನಂಬಲಿಲ್ಲ.

ಒಂದನ್ನು ಬಿಡಿಸಿ ಅಂಗೈ ಮೇಲಿಟ್ಟು ತೋರಿಸಿದೆ. ಮಣ್ಣು ಅಗೆಯಲು ಹೇಳಿ ಮಾಡಿಸಿದ ದಪ್ಪ ಮುಂಗಾಲು, ಅದರ ಸಂದಿಯಲ್ಲಿ ಒಣಗಿದ ಕೆಸರು. ಬೆನ್ನಿನ ಸೀಳಿನಲ್ಲಿ ಬಿಳಿಯ ಎಳೆಗಳು ಜೋತುಬಿದ್ದಿದ್ದವು. ಅತ್ತೆ ನರವೆಂದರು, ಅವು ಉಸಿರುಕೊಳವೆಗಳ ಒಳಪದರ, ಪೊರೆಯ ಜತೆಗೇ ಕಳಚಿ ಬರುತ್ತದೆ.

ವರ್ಷ ವರ್ಷವೂ ಕೂಗುತ್ತದೆಂದು ಜೀರುಂಡೆಯ ಆಯಸ್ಸು ಒಂದೇ ವರ್ಷವಲ್ಲ. ಮರಿಗಳು ನೆಲದೊಳಗೆ ಬೇರಿನ ರಸ ಹೀರುತ್ತ ಕೆಲವು ವರ್ಷಗಳನ್ನೇ ಕಳೆಯುತ್ತವೆ. ಮೊಟ್ಟೆಯೊಡೆದ ವರ್ಷ ಬೇರೆ ಬೇರೆಯಾದ್ದರಿಂದ ಪ್ರತಿ ಬೇಸಿಗೆಗೂ ಒಂದು ತಂಡದ ಸರದಿ. ಎಲ್ಲವೂ ಲೆಕ್ಕವಿಟ್ಟು ಒಟ್ಟಿಗೇ ಏಳುವುದು ಅಪರೂಪ: ಅಮೆರಿಕದಲ್ಲಿ 13 ಅಥವಾ 17 ವರ್ಷಕ್ಕೊಮ್ಮೆ, ಮೇಘಾಲಯದಲ್ಲಿ 4 ವರ್ಷಕ್ಕೊಮ್ಮೆ.

ಬಣ್ಣ ನೋಡಿ ಜಾತಿ ಹೇಳಲು ಹೊರಟವರು ಮೋಸಹೋಗುತ್ತಾರೆ. ಪೊರೆಬಿಟ್ಟ ಹೊಸದರಲ್ಲಿ ಮೈ ತೀರಾ ಪೇಲವ, ಕೆಲವು ಗಂಟೆಗಳ ಮೇಲೆ ನಿಜವಾದ ಬಣ್ಣ ಏರುತ್ತದೆ. ಕೂಗೇ ಹೆಚ್ಚು ನಂಬಿಕೆಯ ಗುರುತು, ಜಾತಿಗೊಂದು ರಾಗ. ಮೊಬೈಲಿನಲ್ಲಿ ಕೂಗನ್ನು ಹಿಡಿದು, ಹೊತ್ತು ಯಾವುದು, ಮರ ಯಾವುದು ಎಂದು ಬರೆದಿಟ್ಟುಕೊಳ್ಳುತ್ತೇನೆ.

ಕೂಗುವುದು ಗಂಡು ಮಾತ್ರ, ಅದೂ ಬಾಯಿಂದಲ್ಲ. ಹೊಟ್ಟೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಏಣುಗಳುಳ್ಳ ಗಟ್ಟಿ ಪದರವಿದೆ. ತಗಡಿನ ಡಬ್ಬಿಯ ಮುಚ್ಚಳವನ್ನು ಒತ್ತಿಬಿಟ್ಟ ಹಾಗೆ ಸ್ನಾಯು ಅದನ್ನು ಒಳಕ್ಕೆಳೆದು ಬಿಡುತ್ತದೆ, ಸೆಕೆಂಡಿಗೆ ನೂರಾರು ಸಲ. ಹೊಟ್ಟೆ ಬಹುಪಾಲು ಟೊಳ್ಳಾದ್ದರಿಂದ ಸದ್ದು ಹಿಗ್ಗುತ್ತದೆ. ಹುಳುವನ್ನು ಮಗುಚಿ ನೋಡಿದರೆ ಗಂಡಿನ ಎದೆಯ ಕೆಳಗೆ ಎರಡು ಅಗಲ ಮುಚ್ಚಳಗಳು ಕಾಣುತ್ತವೆ. ಹೆಣ್ಣಿಗಾದರೆ ತುದಿಯಲ್ಲಿ ಎಳೆಯ ರೆಂಬೆ ಸೀಳಿ ಮೊಟ್ಟೆಯಿಡುವ ಚೂಪಾದ ಅಂಗ.

ಇಷ್ಟೆಲ್ಲ ಹೇಳುತ್ತಿರುವಾಗ ಅತ್ತೆಯ ತೋಳಿನ ಮೇಲೆ ಒಂದೆರಡು ಹನಿ ಬಿತ್ತು. “ಬಂತು ನೋಡು ಮಳೆ” ಎಂದು ಆಕಾಶ ನೋಡಿದರು. ಆಕಾಶ ಬಿಳುಪಾಗಿಯೇ ಇತ್ತು. ಮರದ ರಸದಲ್ಲಿ ನೀರೇ ಹೆಚ್ಚು, ಸತ್ವ ಕಡಿಮೆ; ಹಾಗಾಗಿ ಜೀರುಂಡೆಗಳು ಬೇಕಾದಷ್ಟು ಹೀರಿ, ಮೇಲಿನಿಂದ ಚಿಮ್ಮಿಸುತ್ತಲೇ ಇರುತ್ತವೆ ಎಂದೆ. ಅತ್ತೆ ಮಾತಾಡದೆ ಸೀದಾ ಬಚ್ಚಲುಮನೆಗೆ ನಡೆದರು.