ನೋವಿನ ಮಾತ್ರೆಯ ತಿಂಗಳ ಖರ್ಚು: ಚೀಟಿಯಿಂದ ಶುರು ಮಾಡಿ

ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಸಕ್ಕರೆ ಕಾಯಿಲೆಯವರ ಅಂಗಾಲು ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ನೋವು, ಮಂಡಿ ಸವೆತ. ಇವಕ್ಕೆ ಆಸ್ಪತ್ರೆ ಸೇರುವುದು ಅಪರೂಪ, ಮಾತ್ರೆ ಮಾತ್ರ ವರ್ಷಗಟ್ಟಲೆ. ಆದರೆ ನಮ್ಮ ಸಾಮಾನ್ಯ ಆರೋಗ್ಯ ವಿಮೆ ದುಡ್ಡು ಕೊಡುವುದು ರೋಗಿ 24 ಗಂಟೆ ದಾಖಲಾದರೆ, ಇಲ್ಲವೇ ಪಾಲಿಸಿ ಒಪ್ಪುವ, ಅದೇ ದಿನ ಮನೆಗೆ ಕಳಿಸುವ ಡೇ ಕೇರ್ ಚಿಕಿತ್ಸೆ ಪಡೆದರೆ. ಒಪಿಡಿಯ ಸೌಲಭ್ಯವನ್ನು ಬೇರೆಯಾಗಿ ಕೊಂಡಿರದಿದ್ದರೆ ಹೊರರೋಗಿ ಚೀಟಿಗೆ ಏನೂ ಸಿಗುವುದಿಲ್ಲ. ಐದು ಲಕ್ಷದ ಪಾಲಿಸಿ ಬೀರುವಿನಲ್ಲಿದ್ದರೂ ತಿಂಗಳ ಮಾತ್ರೆ ಜೇಬಿನಿಂದಲೇ. ದುಡ್ಡು ಸಾಲದಾದಾಗ ಜನ ಎರಡು ಹೊತ್ತಿನದ್ದನ್ನು ಒಂದು ಹೊತ್ತಿಗೆ ಇಳಿಸುತ್ತಾರೆ, ತಿಂಗಳ ಕೊನೆಯ ವಾರ ನಿಲ್ಲಿಸಿಯೇ ಬಿಡುತ್ತಾರೆ. ನರದ ಮಾತ್ರೆಗಳಲ್ಲಿ ಇದು ಅಪಾಯದ ಉಳಿತಾಯ. ಮಾತ್ರೆಗೆ ಕತ್ತರಿ ಹಾಕುವ ಮೊದಲು ಚೀಟಿಯನ್ನು ಬಿಡಿಸಿ ನೋಡಿ.

ಸ್ಟ್ರಿಪ್ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಮುಂದೆ ದೊಡ್ಡದಾಗಿ ಒಂದೇ ಹೆಸರಿದ್ದರೂ ಒಳಗೆ ಎರಡು ಮೂರು ಔಷಧ ಇರುತ್ತವೆ: ನರನೋವಿನ ಪ್ರಿಗಾಬಲಿನ್ 75 ಮಿಲಿಗ್ರಾಂ ಜೊತೆ ಮೀಥೈಲ್‌ಕೋಬಾಲಮಿನ್, ಅಥವಾ ಪ್ರಿಗಾಬಲಿನ್ ಜೊತೆ ನಾರ್ಟ್ರಿಪ್ಟಿಲಿನ್ 10, ಅಥವಾ ನೋವು, ಊತ ಇಳಿಸುವ ಅಸೆಕ್ಲೊಫೆನಾಕ್ 100, ಪ್ಯಾರಸಿಟಮಾಲ್ 325 ಮತ್ತು ಸೆರಾಶಿಯೊಪೆಪ್ಟಿಡೇಸ್. ಮೀಥೈಲ್‌ಕೋಬಾಲಮಿನ್ ಅಂದರೆ ಬಿ12 ವಿಟಮಿನ್. ರಕ್ತದಲ್ಲಿ ಬಿ12 ಕಡಿಮೆ ಇದ್ದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರಿಗೆ, ಅದು ನಿಜಕ್ಕೂ ಬೇಕಾಗಬಹುದು. ಮಟ್ಟ ಸರಿಯಿದ್ದವರು ಮಾತ್ರೆಯೊಂದಿಗೆ ಅದಕ್ಕೂ ದುಡ್ಡು ಕೊಡುತ್ತಲೇ ಇರುತ್ತಾರೆ. ಬಿ12 ಪರೀಕ್ಷೆ ಒಮ್ಮೆ ಮಾಡಿಸಿಬಿಟ್ಟರೆ ಅದು ಬೇಕೋ ಬೇಡವೋ ತೀರ್ಮಾನವಾಗುತ್ತದೆ. ಸೆರಾಶಿಯೊಪೆಪ್ಟಿಡೇಸ್ ನೋವು ಕಡಿಮೆ ಮಾಡುತ್ತದೆ ಎನ್ನುವುದಕ್ಕಂತೂ ಗಟ್ಟಿ ಆಧಾರವಿಲ್ಲ.

ಇಲ್ಲೊಂದು ಕಾನೂನಿನ ತೊಡಕಿದೆ. ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಷೆಡ್ಯೂಲ್ ಎಚ್ ಔಷಧದ ಚೀಟಿಯಲ್ಲಿ ಬ್ರ್ಯಾಂಡ್ ಬರೆದಿದ್ದರೆ, ಅದೇ ಔಷಧದ ಬೇರೆ ಬ್ರ್ಯಾಂಡನ್ನು ಅಂಗಡಿಯವರು ತಾವಾಗಿಯೇ ಬದಲಿಸಿ ಕೊಡುವಂತಿಲ್ಲ ಎನ್ನುತ್ತದೆ ಔಷಧ ನಿಯಮಾವಳಿಯ 65ನೇ ನಿಯಮ. ಹಾಗಾಗಿ ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಕೇಳಬೇಕಾದ ಜಾಗ ಡಾಕ್ಟರ ಕೋಣೆ. ಔಷಧವನ್ನು ಜನರಿಕ್ ಹೆಸರಿನಲ್ಲಿ, ಅಂದರೆ ಬ್ರ್ಯಾಂಡ್ ಬಿಟ್ಟು ಔಷಧದ್ದೇ ಹೆಸರಿನಲ್ಲಿ, ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಆಗಿದೆ. ನಿಯಮ ಹೇಳಿ ಜಗಳ ಕಾಯಬೇಕಿಲ್ಲ. "ಡಾಕ್ಟ್ರೇ, ಜನೌಷಧಿಯಲ್ಲಿ ತಗೋಬೇಕು, ಔಷಧದ ಹೆಸರು ಬಿಡಿಬಿಡಿಯಾಗಿ ಬರೆದುಕೊಡ್ತೀರಾ? ಇದರಲ್ಲಿ ಯಾವುದು ಬಿಟ್ಟರೂ ನಡೆಯುತ್ತೆ?" ಅಂತ ಕೇಳಿ. ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಬಹಳಷ್ಟು ವೈದ್ಯರು ಒಂದೆರಡು ಸಾಲು ಹೊಡೆದುಹಾಕುತ್ತಾರೆ.

ಹೊಸ ಚೀಟಿಯಲ್ಲಿ ಮಿಲಿಗ್ರಾಂ, ಎಷ್ಟು ಹೊತ್ತು, ಎಷ್ಟು ದಿನ ಎಂಬ ಮೂರೂ ಇರಲಿ. ಮಾತ್ರೆ ಸಾದಾ ತರಹದ್ದೋ ಎಸ್‌ಆರ್ ತರಹದ್ದೋ ಎನ್ನುವುದೂ ಬೇಕು. ಎಸ್‌ಆರ್ ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ. ದಿನಕ್ಕೊಂದು ಸಾಕು, ಆದರೆ ಬೆಲೆ ಹೆಚ್ಚು. ಎರಡು ಹೊತ್ತು ಮರೆಯದೆ ನುಂಗುವವರಿಗೆ ಸಾದಾ ಕ್ಯಾಪ್ಸೂಲಿನಲ್ಲೇ ಅದೇ ಕೆಲಸ ಆಗಬಹುದು. ಆ ಲೆಕ್ಕ ವೈದ್ಯರೇ ಬರೆಯಬೇಕು. ಎಸ್‌ಆರ್ ಮಾತ್ರೆಯನ್ನು ಅರ್ಧ ಮಾಡಿ ಎರಡು ದಿನಕ್ಕೆ ಎಳೆಯುವುದು ಮಾತ್ರ ಖಂಡಿತ ಬೇಡ. ಮುರಿದರೆ ದಿನವಿಡೀ ಸಿಗಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರಿ, ಮೊದಲು ತಲೆಸುತ್ತು, ಆಮೇಲೆ ನೋವು ವಾಪಸು. ನರನೋವಿಗೇ ಕೊಡುವ ಡುಲೋಕ್ಸಿಟಿನ್ ಕ್ಯಾಪ್ಸೂಲನ್ನು ಬಿಚ್ಚಿ ಹಂಚಿಕೊಳ್ಳುವುದೂ ಹಾಗೆಯೇ ತಪ್ಪು. ಹೊಟ್ಟೆಯ ಆಮ್ಲ ತಾಗಬಾರದೆಂದೇ ಅದರ ಕಾಳುಗಳಿಗೆ ಲೇಪ ಹಾಕಿರುತ್ತಾರೆ.

ಬೆಲೆ ಹೋಲಿಸುವಾಗ ಸ್ಟ್ರಿಪ್ಪಿನ ಬೆಲೆ ನೋಡಬೇಡಿ, ಒಂದು ಮಾತ್ರೆಯದ್ದು ನೋಡಿ. ಒಂದು ಕಂಪನಿ ಹತ್ತರ ಸ್ಟ್ರಿಪ್ ಮಾಡುತ್ತದೆ, ಇನ್ನೊಂದು ಹದಿನೈದರದ್ದು. ಮಿಲಿಗ್ರಾಂ ಎರಡರಷ್ಟಾದರೆ ಬೆಲೆಯೂ ಎರಡರಷ್ಟಾಗಬೇಕೆಂದಿಲ್ಲ. 75ರ ಎರಡು ಕ್ಯಾಪ್ಸೂಲನ್ನು ಒಟ್ಟಿಗೆ ನುಂಗುತ್ತಿರುವವರು 150ರ ಒಂದಕ್ಕೆ ಎಷ್ಟೆಂದು ವಿಚಾರಿಸಬೇಕು. ಸರ್ಕಾರದ ಫಾರ್ಮಾ ಸಹೀ ದಾಮ್ ಆ್ಯಪ್‌ನಲ್ಲಿ ಒಂದೇ ಔಷಧದ ಹಲವು ಬ್ರ್ಯಾಂಡುಗಳ ಬೆಲೆ ಅಕ್ಕಪಕ್ಕ ಸಿಗುತ್ತದೆ. ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ "ಜನರಿಕ್" ಎಂದು ಕೊಡುವ ಸ್ಟ್ರಿಪ್ಪಿನ ಮೇಲೂ ಎಂಆರ್‌ಪಿ ಜೋರಾಗಿಯೇ ಅಚ್ಚಾಗಿರುತ್ತದೆ, ಅಂಗಡಿಗೆ ಅದು ಬಂದದ್ದು ಬಹಳ ಕಡಿಮೆಗೆ. ಅಲ್ಲಿ ಕೇಳಬೇಕಾದ್ದು "ಎಷ್ಟು ಬಿಟ್ಟು ಕೊಡ್ತೀರಿ" ಎಂದು.

ಜನೌಷಧಿ ಕೇಂದ್ರದಲ್ಲಿ ಪ್ರಿಗಾಬಲಿನ್, ಗಾಬಾಪೆಂಟಿನ್, ಡುಲೋಕ್ಸಿಟಿನ್, ಅಮಿಟ್ರಿಪ್ಟಿಲಿನ್ ಎಲ್ಲವೂ ಪಟ್ಟಿಯಲ್ಲಿವೆ, ಕೆಲವು ಜೋಡಿ ಮಾತ್ರೆಗಳೂ ಇವೆ. ಬ್ರ್ಯಾಂಡಿನ ಅರ್ಧಕ್ಕಿಂತ ಕಡಿಮೆ ಬೆಲೆ ಎಂದು ಲೆಕ್ಕ ಹಾಕಿಕೊಳ್ಳಬಹುದು. ತೊಂದರೆ ಇರುವುದು ದಾಸ್ತಾನಿನಲ್ಲಿ. ಪಟ್ಟಿಯಲ್ಲಿದ್ದದ್ದು ಕಪಾಟಿನಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಹುಡುಕಿ, ಫೋನ್ ಮಾಡಿ ಹೋಗಿ. ಮನೆಯಲ್ಲಿ ಹತ್ತು ದಿನದ ಮಾತ್ರೆ ಇರುವಾಗಲೇ ಮುಂದಿನ ತಿಂಗಳದ್ದನ್ನು ಹೇಳಿಡಿ, ಬಹಳ ಕಡೆ ತರಿಸಿಕೊಡುತ್ತಾರೆ.

ಹಾಗೆ ಮುಂಚೆಯೇ ಹೇಳಿಡುವುದಕ್ಕೆ ಕಾರಣವಿದೆ. ಪ್ರಿಗಾಬಲಿನ್, ಗಾಬಾಪೆಂಟಿನ್, ಡುಲೋಕ್ಸಿಟಿನ್, ಟ್ರಮಡಾಲ್ ಇವನ್ನೆಲ್ಲ ದಿಢೀರನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಬೆವರು, ಓಕರಿಕೆ, ಚಡಪಡಿಕೆ ಶುರುವಾಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ದುಡ್ಡಿಲ್ಲದೆ ನಿಲ್ಲಿಸಲೇಬೇಕಾದರೂ ಪ್ರಿಗಾಬಲಿನ್ ಅನ್ನು ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು, ಡುಲೋಕ್ಸಿಟಿನ್‌ಗೆ ಎರಡು ವಾರವಾದರೂ ಬೇಕು. "ನನ್ನಿಂದ ಈ ಖರ್ಚು ಆಗ್ತಿಲ್ಲ" ಎಂದು ವೈದ್ಯರಿಗೆ ಹೇಳಲು ನಾಚಿಕೊಳ್ಳಬೇಡಿ. ಆ ಮಾತು ಕೇಳಿದ ಮೇಲೆ ಅವರು ಅಮಿಟ್ರಿಪ್ಟಿಲಿನ್ 10ರಂಥ ತೀರ ಅಗ್ಗದ ಹಳೆಯ ಔಷಧದ ಯೋಚನೆ ಮಾಡಬಹುದು. ನರನೋವಿಗೆ ಅದು ಒಳ್ಳೆಯ ಔಷಧವೇ. ಆದರೆ ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ, ಹೃದಯ ಬಡಿತದ ಏರುಪೇರು ಇದ್ದರೆ ಮೊದಲೇ ಹೇಳಬೇಕು, ವಯಸ್ಸಾದವರು ರಾತ್ರಿ ಏಳುವಾಗ ತಲೆ ಸುತ್ತಿ ಬೀಳದಂತೆ ಜಾಗ್ರತೆ ಬೇಕು. ಕಿಡ್ನಿ ದುರ್ಬಲವಿದ್ದವರಿಗೆ ಪ್ರಿಗಾಬಲಿನ್, ಗಾಬಾಪೆಂಟಿನ್ ಪ್ರಮಾಣ ಇಳಿಸಬೇಕಾಗುತ್ತದೆ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಹಿಡಿದುಕೊಂಡೇ ಹೋಗಿ.

ದುಬಾರಿ ಮಾತ್ರೆ ಬಿಟ್ಟವರು ಅಂಗಡಿಗಳಲ್ಲಿ ಚೀಟಿ ಕೇಳದೆಯೇ ಕೊಟ್ಟುಬಿಡುವ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಕಡೆ ವಾಲುವುದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ವಿಷಯ. ನರದ ಉರಿಗೆ ಇವು ಅಷ್ಟಾಗಿ ನಾಟುವುದೇ ಇಲ್ಲ, ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಬಿಪಿ ಏರಿಕೆ, ಕಿಡ್ನಿಗೆ ಪೆಟ್ಟು. ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಎರಡೂ ನುಂಗುವವರಿಗೆ ಅಪಾಯ ಇನ್ನೂ ಜಾಸ್ತಿ. ಇನ್ನೊಂದು, ಅಸೆಕ್ಲೊಫೆನಾಕ್ ಜೋಡಿ ಮಾತ್ರೆಯಲ್ಲೂ ಪ್ಯಾರಸಿಟಮಾಲ್, ಟ್ರಮಡಾಲ್ ಜೋಡಿ ಮಾತ್ರೆಯಲ್ಲೂ ಪ್ಯಾರಸಿಟಮಾಲ್, ಮೇಲೆ ಮೈಕೈ ನೋವಿಗೆಂದು ಡೋಲೊ 650, ಅದೂ ಪ್ಯಾರಸಿಟಮಾಲೇ. ಪ್ಯಾರಸಿಟಮಾಲ್ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದವರಿಗೆ, ದಿನವೂ ಕುಡಿಯುವವರಿಗೆ, ಮೈತೂಕ ಕಡಿಮೆ ಇದ್ದವರಿಗೆ ಮಿತಿ ಇನ್ನೂ ಕೆಳಗೆ. ಮೂರು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಕೂಡಿ ನೋಡಿ.

ಈಗ ವಿಮೆ. ಮುಚ್ಚಿದ ಬಾಗಿಲಲ್ಲೂ ಒಂದು ಸಂದಿ ಇದೆ: ಡಿಸ್ಚಾರ್ಜ್ ನಂತರದ ಖರ್ಚು. ಡಿಸ್ಕ್ ಆಪರೇಷನ್ ಆಗಿರಲಿ, ಮಂಡಿ ಬದಲಿಸಿರಲಿ, ಕ್ಲೈಮ್ ಒಪ್ಪಿಗೆಯಾದ ಅದೇ ಕಾಯಿಲೆಯ ಮಾತ್ರೆಗೆ ಬಹುತೇಕ ಪಾಲಿಸಿಗಳು 60 ದಿನದವರೆಗೆ ದುಡ್ಡು ಕೊಡುತ್ತವೆ, ಕೆಲವು 90 ಅಥವಾ 180 ದಿನ. ಬಹುತೇಕ ಆರೋಗ್ಯ ವಿಮಾ ಕಂಪನಿಗಳು ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನ. ಆ ಚಿಕಿತ್ಸೆ ಮುಗಿದ 15 ದಿನದೊಳಗೆ ಬಿಲ್ ಸಲ್ಲಿಸಬೇಕು. ಆಸ್ಪತ್ರೆಯ ಬಿಲ್ ಕ್ಯಾಶ್‌ಲೆಸ್ ಆಗಿಬಿಟ್ಟಿತೆಂದು ಜನ ಅಲ್ಲಿಗೇ ಮರೆತುಬಿಡುತ್ತಾರೆ. ಇದು ಪ್ರತ್ಯೇಕವಾಗಿ ಅರ್ಜಿ ಹಾಕಿ ವಾಪಸು ಪಡೆಯುವ ದುಡ್ಡು.

ತಿರಸ್ಕಾರವಾಗುವುದು ಕಾಗದದಲ್ಲಿ. ಡಿಸ್ಚಾರ್ಜ್ ಸಮರಿಯಲ್ಲಿ "7 ದಿನ" ಎಂದಿದ್ದು ನೀವು ಎರಡು ತಿಂಗಳು ಮಾತ್ರೆ ಕೊಂಡಿದ್ದರೆ ಎಂಟನೇ ದಿನದಿಂದ ಕತ್ತರಿ. ಹಾಗಾಗಿ ಫಾಲೋಅಪ್ ದಿನ ತಾರೀಕು, ರೋಗದ ಹೆಸರು, ದಿನಗಳ ಸಂಖ್ಯೆ ಇರುವ ಹೊಸ ಚೀಟಿ ಬರೆಸಿಕೊಳ್ಳಿ. ಅದರಲ್ಲಿ "ಹಿಂದಿನಂತೆ ಮುಂದುವರಿಸಿ" ಎಂದಷ್ಟೇ ಇದ್ದರೆ ಸಾಲದು. ಬಿಲ್ಲಿನಲ್ಲಿ ರೋಗಿಯ ಹೆಸರು, ವೈದ್ಯರ ಹೆಸರು, ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಪ್ರಮಾಣ ಇರಬೇಕು. "ಮೆಡಿಸಿನ್" ಎಂದು ಒಂದೇ ಸಾಲಿನ ಕೈಬರಹದ ಬಿಲ್ ಕ್ಲೈಮಿಗೆ ದಕ್ಕುವುದಿಲ್ಲ. ಚೀಟಿಯಲ್ಲೊಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು ಆಗದಂತೆಯೂ ನೋಡಿಕೊಳ್ಳಿ. ಮೂಲ ಪ್ರತಿ ಕೊಡುವ ಮುನ್ನ ಎಲ್ಲದರ ಫೋಟೋ ತೆಗೆದಿಡಿ.

ಕ್ಲೈಮಿಗೆಂದೇ ಒಂದು ರಾತ್ರಿ ದಾಖಲಾಗುವ ಸಲಹೆ ಕೆಲವರು ಕೊಡುತ್ತಾರೆ. ಕೇಳಬೇಡಿ. ಬರೀ ಪರೀಕ್ಷೆ, ತಪಾಸಣೆಗೆ ದಾಖಲಾದದ್ದನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲೇ ಇದೆ, ಕೊನೆಗೆ ಆಸ್ಪತ್ರೆ ಬಿಲ್ಲೂ ನಿಮ್ಮ ತಲೆಗೆ. ನ್ಯಾಯವಾದ ಕ್ಲೈಮ್ ತಿರಸ್ಕಾರವಾದರೆ ಮಾತ್ರ ಬಿಡಬೇಡಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, ತಿರಸ್ಕಾರದ ಒಂದು ವರ್ಷದೊಳಗೆ ದೂರು ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ವ್ಯವಸ್ಥೆ ಬಿಮಾ ಭರೋಸಾದ ಸಹಾಯವಾಣಿ 155255.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ದಾಖಲಾದವರಿಗೇ. ಆದರೆ ಆಯುಷ್ಮಾನ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನದ ಔಷಧವೂ ಸೇರಿದೆ. ಹೊರಡುವ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಸಹಾಯಕ ಆರೋಗ್ಯ ಮಿತ್ರರನ್ನು ಕೇಳಿ ಪಡೆಯಿರಿ, ಆಮೇಲೆ ಬಂದು ಕೇಳಿದರೆ ಕಷ್ಟ.

ಹೊರರೋಗಿಯ ಮಾತ್ರೆಗೂ ನೆರವಾಗುವ ದೊಡ್ಡ ವ್ಯವಸ್ಥೆಯೆಂದರೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ. ತಿಂಗಳ ವೇತನ ₹21,000ದವರೆಗಿನ ನೌಕರರಿಗೆ, ಅವರ ಕುಟುಂಬಕ್ಕೆ ಡಿಸ್ಪೆನ್ಸರಿಯಿಂದ ಔಷಧ ಸಿಗುತ್ತದೆ. ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದ ಎಷ್ಟೋ ಮಂದಿ ಸಂಬಳದಲ್ಲಿ 0.75 ಶೇಕಡಾ ಕಡಿತವಾಗುತ್ತಿದ್ದರೂ ಹೊರಗೆ ದುಡ್ಡು ಕೊಟ್ಟು ಮಾತ್ರೆ ಕೊಳ್ಳುತ್ತಿದ್ದಾರೆ. ನಿವೃತ್ತರಾದವರಿಗೂ ದಾರಿಯಿದೆ: ಕನಿಷ್ಠ ಐದು ವರ್ಷ ವಿಮೆಯಡಿ ದುಡಿದು ನಿವೃತ್ತರಾಗಿದ್ದರೆ ವರ್ಷಕ್ಕೆ ₹120 ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಅಪ್ಪನೋ ಅಮ್ಮನೋ ಕಾರ್ಖಾನೆಯಲ್ಲಿ ದುಡಿದವರಾದರೆ ಹಳೆಯ ಇಎಸ್‌ಐ ಕಾರ್ಡು ಇವತ್ತೇ ಹುಡುಕಿ. ಆರೋಗ್ಯ ವಿಮೆಯೇ ಇಲ್ಲದ 60 ದಾಟಿದ ಹೆತ್ತವರ ಔಷಧದ ಖರ್ಚಿಗೆ, ನಗದು ಬಿಟ್ಟು ಬೇರೆ ರೀತಿ ಪಾವತಿಸಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ 80ಡಿ ಎಂದೇ ಪರಿಚಿತವಾದ ವಿನಾಯಿತಿ ₹50,000ದವರೆಗೆ ಸಿಗುತ್ತದೆ. ಯುಪಿಐಯಲ್ಲಿ ಕೊಟ್ಟು ಬಿಲ್ ಇಟ್ಟುಕೊಳ್ಳಿ.

ಕ್ಯಾನ್ಸರ್ ನೋವಿನ ಮಾತು ಬೇರೆ. ಅಲ್ಲಿ ಬೇಕಾದ ಮುಖ್ಯ ಔಷಧ ಮಾರ್ಫಿನ್ ಮಾತ್ರೆ, ಅದು ದುಬಾರಿಯಲ್ಲ. ಕಷ್ಟವೆಲ್ಲ ಸಿಗುವುದರಲ್ಲಿ. 2014ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂದು, ಹಲವು ಲೈಸೆನ್ಸುಗಳ ಜಾಗದಲ್ಲಿ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳೇ ಅದನ್ನು ಇಟ್ಟುಕೊಂಡು ಕೊಡುವ ವ್ಯವಸ್ಥೆ ಆಯಿತು. ಬೀದಿಯ ಮೆಡಿಕಲ್ಸ್‌ನಲ್ಲಿ ಹುಡುಕಿ ಸುಸ್ತಾಗುವ ಬದಲು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ತಗ್ಗಿಸಿ ಆರಾಮ ಕೊಡುವ ಉಪಶಮನ ಚಿಕಿತ್ಸಾ ವಿಭಾಗ ಎಲ್ಲಿದೆ ಎಂದು ಕೇಳಿ. ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಮಾರ್ಫಿನ್ ಶುರು ಮಾಡಿದ ದಿನವೇ ಮಲಬದ್ಧತೆಗೂ ಮಾತ್ರೆ ಬರೆಸಿಕೊಳ್ಳಿ. ಅದಿಲ್ಲದೆ ನಾಲ್ಕೈದು ದಿನಕ್ಕೆ ಹೊಟ್ಟೆ ಕಟ್ಟಿ, ಮನೆಯವರು ಮಾರ್ಫಿನ್ನನ್ನೇ ನಿಲ್ಲಿಸುತ್ತಾರೆ, ನೋವು ಮತ್ತೆ ಹಿಡಿಯುತ್ತದೆ. ಸಾದಾ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ನೋವು ಬಂದಾಗ ಕೊಟ್ಟರಾಯಿತೆಂದು ಕಾಯದೆ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡುತ್ತಾ ಹೋಗಬೇಕು.