ಆನಂದಮೈಡ್ ಒಡೆಯುವ ಕಿಣ್ವಕ್ಕೆ ಬೀಗ ಹಾಕಿಬಿಟ್ಟರೆ?

ಮೆದುಳಿನ ಕೊಬ್ಬುಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ: "ನೋವು ತಗ್ಗಿಸುವ, ಮನಸ್ಸು ಹಗುರ ಮಾಡುವ ಆನಂದಮೈಡ್ ನಮ್ಮ ಮೆದುಳಲ್ಲೇ ತಯಾರಾಗುತ್ತದಂತೆ. ಅದನ್ನು ಒಡೆಯುವ ಕಿಣ್ವಕ್ಕೆ ಬೀಗ ಹಾಕಿಬಿಟ್ಟರೆ ನೋವೇ ಇರೋದಿಲ್ಲ, ಅಲ್ವಾ?"

ಬೀಗ ಹಾಕಬಹುದು, ಹಾಕಿಯೂ ನೋಡಿದ್ದಾರೆ. ನೋವು ಹೋಗಲಿಲ್ಲ.

ಮೊದಲು ಆ ವಸ್ತುವಿನ ವಿಷಯ. 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರಾಫೆಲ್ ಮೆಚೌಲಮ್ ತಂಡ ಹಂದಿಯ ಮೆದುಳಿನಿಂದ ಅದನ್ನು ಬೇರ್ಪಡಿಸಿ, ಸಂಸ್ಕೃತದ 'ಆನಂದ'ವನ್ನೇ ಹೆಸರಿಗೆ ಸೇರಿಸಿತು. ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿ ಹೋಗಿ ಕೂರುವ ಸಿಬಿ1 ಗ್ರಾಹಿಯ (ಸಂದೇಶ ಹಿಡಿಯುವ ಪ್ರೋಟೀನಿನ) ಮೇಲೆ ಇದೂ ಕೂರುತ್ತದೆ. 1995ರಲ್ಲಿ ಇದರ ಜೊತೆಗಾರ, 2-ಎಜಿ ಎಂಬ ಇನ್ನೊಂದು ಕೊಬ್ಬು ಸಿಕ್ಕಿತು. ಹೆಸರಿನ ದೆಸೆಯಿಂದ ಪ್ರಚಾರವೆಲ್ಲ ಆನಂದಮೈಡ್‌ಗೆ ಹೋಗಿದೆ. ಆದರೆ ಮೆದುಳಲ್ಲಿ 2-ಎಜಿ ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚಿದೆ, ನರಕೋಶಗಳ ನಡುವಿನ ದಿನನಿತ್ಯದ ಕೆಲಸದ ಬಹುಪಾಲು ಅದರದೇ.

ಡೋಪಮೈನ್‌ನಂಥ ಸಂದೇಶವಾಹಕಗಳು ಪುಟ್ಟ ಚೀಲಗಳಲ್ಲಿ ತುಂಬಿ ಕಾಯುತ್ತಿರುತ್ತವೆ. ಈ ಕೊಬ್ಬುಗಳಿಗೆ ಅಂಥ ಉಗ್ರಾಣವಿಲ್ಲ. ಬೇಕೆಂದಾಗ ಜೀವಕೋಶ ತನ್ನ ಪೊರೆಯನ್ನೇ ಕತ್ತರಿಸಿ ಇವನ್ನು ತಯಾರಿಸುತ್ತದೆ ಅನ್ನಬಹುದು. ಸಂದೇಶ ಪಡೆದ ಕೋಶ 2-ಎಜಿ ತಯಾರಿಸಿ, ಕಳಿಸಿದ ಕೋಶಕ್ಕೆ ಹಿಮ್ಮುಖವಾಗಿ "ಸಾಕು, ಸ್ವಲ್ಪ ತಡಿ" ಎಂದು ಹೇಳುತ್ತದೆ. ಆ "ತಡಿ" ಕೆಲವು ಹತ್ತು ಸೆಕೆಂಡು ಮಾತ್ರ ಇರಬೇಕು. ಅದನ್ನು ಅಳಿಸುವುದೇ ಕಿಣ್ವ.

2-ಎಜಿಯನ್ನು ಒಡೆಯುವುದು ಮ್ಯಾಗಲ್ ಎಂಬ ಕಿಣ್ವ, ಇದು ಕಳಿಸುವ ಕೋಶದ ತುದಿಯಲ್ಲಿದೆ. ಇಲಿಯ ಮೆದುಳಲ್ಲಿ ಸುಮಾರು 85% ಕೆಲಸ ಇದೊಂದರದೇ, ಉಳಿದದ್ದರಲ್ಲಿ ಹೆಚ್ಚಿನದು ಎಬಿಎಚ್‌ಡಿ6 ಮತ್ತು ಎಬಿಎಚ್‌ಡಿ12 ಎಂಬ ಕಿಣ್ವಗಳದು. ಆನಂದಮೈಡ್ ಒಡೆಯುವುದು ಎಫ್‌ಎಎಎಚ್, ಪ್ರಯೋಗಾಲಯದ ಬಾಯಿಮಾತಲ್ಲಿ 'ಫಾ'. 579 ಅಮೈನೋ ಆಮ್ಲಗಳ ಈ ಪ್ರೋಟೀನ್ ಹೆಚ್ಚಾಗಿ ಸಂದೇಶ ಪಡೆಯುವ ಕೋಶದೊಳಗಿನ ಪೊರೆಗೆ ಅಂಟಿಕೊಂಡಿದೆ. ಆನಂದಮೈಡ್ ಪೊರೆಯ ಕಡೆಯಿಂದಲೇ ಜಾರಿ ಅದರ ಸುರಂಗದೊಳಕ್ಕೆ ಬರುತ್ತದೆ. 241ನೇ ಜಾಗದಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲ ಅದನ್ನು ಹಿಡಿಯುತ್ತದೆ, ಅದರ ಒಂದು ತುಂಡಾದ ಎಥನಾಲಮೈನ್ ಕಳಚಿ ಹೋಗುತ್ತದೆ, ಇನ್ನೊಂದು ತುಂಡಾದ ಅರಾಕಿಡೋನಿಕ್ ಆಮ್ಲ ಸೆರಿನ್‌ಗೆ ಕಚ್ಚಿಕೊಂಡು ಉಳಿಯುತ್ತದೆ. ಆಮೇಲೆ ಒಂದು ನೀರಿನ ಅಣು ಬಂದು ಅದನ್ನೂ ಬಿಡಿಸಿದರೆ ಕಿಣ್ವ ಮುಂದಿನ ಸುತ್ತಿಗೆ ತಯಾರು. ಬೀಗ ಹಾಕುವ ಔಷಧಿಗಳಲ್ಲಿ ಹಲವು ಇದೇ ಸೆರಿನ್‌ಗೆ ನೀರು ಬಿಡಿಸಲಾಗದಂತೆ ಅಂಟುತ್ತವೆ. ಕೋಶ ಹೊಸ ಕಿಣ್ವ ತಯಾರಿಸುವವರೆಗೆ ಹಳೆಯದು ಸತ್ತಂತೆಯೇ.

ಪಿಎಫ್-04457845 ಅಂಥ ಒಂದು ಔಷಧಿ. ಮೊಣಕಾಲಿನ ಸವೆತದ ರೋಗಿಗಳಿಗೆ ದಿನಕ್ಕೆ 4 ಮಿಲಿಗ್ರಾಂ, ಎರಡು ವಾರ ಕೊಟ್ಟರು. ಫಾ 96%ಗೂ ಹೆಚ್ಚು ನಿಂತಿತು, ರಕ್ತದಲ್ಲಿ ಆನಂದಮೈಡ್ ಏರಿತು. ನೋವು ಮಾತ್ರ ಖಾಲಿ ಮಾತ್ರೆ ನುಂಗಿದವರಷ್ಟೇ ಇತ್ತು. ಅದೇ ಪ್ರಯೋಗದಲ್ಲಿ ನ್ಯಾಪ್ರೋಕ್ಸೆನ್ ಎಂಬ ಸಾಧಾರಣ ನೋವಿನ ಮಾತ್ರೆ ಕೆಲಸ ಮಾಡಿತು. ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಫಲಿತಾಂಶ: ಬೀಗ ಬಿದ್ದದ್ದು ಖಚಿತ, ಆದ್ದರಿಂದ ಸೋಲೂ ಖಚಿತ. ಆನಂದಮೈಡ್ ಒಂದೇ ಗ್ರಾಹಿಗೆ ಸೇರಿದ್ದಲ್ಲ ಎಂಬುದನ್ನೂ ಮರೆಯಬಾರದು. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಗ್ರಾಹಿಯನ್ನೂ ಅದು ತಟ್ಟುತ್ತದೆ, ಆ ಗ್ರಾಹಿಯ ಕೆಲಸ ಉರಿಯನ್ನು ಸಾರುವುದು.

ಹಾಗಾದರೆ ಮ್ಯಾಗಲ್? ಇಲಿಗಳಲ್ಲಿ ಜೆಜೆಡ್‌ಎಲ್184 ಎಂಬ ತಡೆಕಾರಕ ಮೊದಲ ದಿನ ನೋವನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ದೊಡ್ಡ ಪ್ರಮಾಣದಲ್ಲಿ ಆರು ದಿನ ಕೊಟ್ಟರೆ ಪರಿಣಾಮವೇ ಇಲ್ಲವಾಗುತ್ತದೆ. ಅಳಿಸದ "ತಡಿ" ಕೇಳಿ ಕೇಳಿ ಸಿಬಿ1 ಗ್ರಾಹಿಗಳು ಕಿವುಡಾಗುತ್ತವೆ, ಸಂಖ್ಯೆಯಲ್ಲೂ ಕಡಿಮೆಯಾಗುತ್ತವೆ. ಇನ್ನೊಂದು ಸಂಗತಿಯಿದೆ: 2-ಎಜಿ ಒಡೆದಾಗ ಬರುವ ಅರಾಕಿಡೋನಿಕ್ ಆಮ್ಲ ಕಸವಲ್ಲ, ಮೆದುಳಿನ ಪ್ರೋಸ್ಟಾಗ್ಲಾಂಡಿನ್‌ಗಳೆಂಬ ಸಂದೇಶ ವಸ್ತುಗಳಿಗೆ ಕಚ್ಚಾವಸ್ತು. ಮ್ಯಾಗಲ್ ನಿಲ್ಲಿಸಿದರೆ ಒಂದು ಸಂದೇಶ ಉಕ್ಕುತ್ತದೆ, ಇನ್ನೊಂದು ಬತ್ತುತ್ತದೆ.

ಜನವರಿ 2016ರಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಬಿಐಎ 10-2474 ಎಂಬ ಇನ್ನೊಂದು ಫಾ ತಡೆಕಾರಕದ ಪರೀಕ್ಷೆ ನಡೆಯುತ್ತಿತ್ತು. ದಿನಕ್ಕೆ 50 ಮಿಲಿಗ್ರಾಂ ಪಡೆಯುತ್ತಿದ್ದ ಆರು ಆರೋಗ್ಯವಂತ ಸ್ವಯಂಸೇವಕರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಫಾ ನಿಂತದ್ದೇ ಕಾರಣವಾಗಿದ್ದರೆ ಮೊಣಕಾಲಿನ ರೋಗಿಗಳಿಗೂ ಹಾಗೆ ಆಗಬೇಕಿತ್ತು. 2017ರ ಅಧ್ಯಯನ ತೋರಿಸಿದ್ದು ಬೇರೆ: ಈ ಅಣು ಹೆಚ್ಚಿನ ಪ್ರಮಾಣದಲ್ಲಿ ಕೊಬ್ಬು ಒಡೆಯುವ ಇತರ ಕಿಣ್ವಗಳಿಗೂ ಅಂಟಿಕೊಳ್ಳುತ್ತಿತ್ತು. ಸೆರಿನ್ ಬಳಸುವ ಇಂಥ ಕಿಣ್ವಗಳು ನಮ್ಮ ದೇಹದಲ್ಲಿ ಇನ್ನೂರಕ್ಕೂ ಹೆಚ್ಚಿವೆ. ಒಂದೇ ಬೀಗ ಹಾಕಿದ್ದೇವೆ ಎಂದು ಹೇಳುವ ಮೊದಲು ಉಳಿದ ಬಾಗಿಲುಗಳನ್ನೆಲ್ಲ ತಳ್ಳಿ ನೋಡಬೇಕು.

ಸ್ಕಾಟ್ಲೆಂಡಿನ ಮಹಿಳೆಯೊಬ್ಬರ ಉದಾಹರಣೆಯನ್ನು ಬಹಳ ಜನ ತರುತ್ತಾರೆ. 2019ರ ವರದಿಯ ಪ್ರಕಾರ ಫಾ ಜೀನ್‌ನ ಪಕ್ಕದ ತುಣುಕೊಂದು ಅವರಲ್ಲಿ ಹುಟ್ಟಿನಿಂದಲೇ ಇಲ್ಲ. ಆತಂಕ ತೀರ ಕಡಿಮೆ, ನೋವು ಇಲ್ಲವೇ ಇಲ್ಲ ಎನ್ನಬಹುದು. ಆದರೆ ಚರ್ಮ ಸುಟ್ಟದ್ದೂ ಅವರಿಗೆ ಅರಿವಾಗುವುದಿಲ್ಲ, ಮರೆವೂ ಹೆಚ್ಚು. ಹುಟ್ಟಿನಿಂದ ಹೀಗೆ ಬೆಳೆದ ಮೆದುಳು ಬೇರೆ, ಅರವತ್ತರಲ್ಲಿ ಎರಡು ವಾರ ಮಾತ್ರೆ ನುಂಗಿದ ಮೆದುಳು ಬೇರೆ.

"ರಕ್ತದಲ್ಲಿ ಆನಂದಮೈಡ್ ಅಳೆಸಬಹುದಾ?" ಎಂದೂ ಕೇಳುತ್ತಾರೆ. ಅಳೆಯಬಹುದು, ಆದರೆ ರಕ್ತ ತೆಗೆದ ತಕ್ಷಣ ಮಂಜುಗಡ್ಡೆಯಲ್ಲಿಟ್ಟು ಪ್ಲಾಸ್ಮಾ ಬೇರ್ಪಡಿಸದಿದ್ದರೆ ರಕ್ತಕಣಗಳೇ ಇನ್ನಷ್ಟು ಸೇರಿಸಿ ಅಂಕಿ ಏರಿಸುತ್ತವೆ. 2-ಎಜಿ ಇನ್ನೂ ತುಂಟ, ಇಟ್ಟಲ್ಲೇ ರೂಪ ಬದಲಿಸಿ 1-ಎಜಿ ಆಗುತ್ತದೆ. ಎರಡರ ತೂಕವೂ ಒಂದೇ ಆದ್ದರಿಂದ, ತೂಕ ನೋಡಿ ಅಣು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ವ್ಯತ್ಯಾಸ ಕಾಣದು, ಅದಕ್ಕೂ ಮೊದಲಿನ ಸೋಸುವ ಕೊಳವೆಯಲ್ಲೇ (ಕಾಲಂ) ಬೇರ್ಪಡಿಸಬೇಕು. ಪ್ರಯೋಗಾಲಯದಲ್ಲಿ ಮಾದರಿಯ ಕಿಣ್ವ ತಡೆಯಲು ಪಿಎಂಎಸ್‌ಎಫ್ ಎಂಬ ರಾಸಾಯನಿಕ ಹಾಕುವವರು ಅದನ್ನು ನೀರಲ್ಲಿ ಕರಗಿಸಿ ಇಟ್ಟುಕೊಳ್ಳಬಾರದು. ಪಿಎಚ್ 8ರಲ್ಲಿ, 25 ಡಿಗ್ರಿಯಲ್ಲಿ, ಸುಮಾರು 35 ನಿಮಿಷಕ್ಕೆ ಅರ್ಧ ಹಾಳಾಗಿರುತ್ತದೆ. ಐಸೊಪ್ರೊಪನಾಲ್‌ನಲ್ಲಿ ಇಟ್ಟು, ಬಳಸುವ ಕ್ಷಣದಲ್ಲಿ ಸೇರಿಸಿ.

ಡಾರ್ಕ್ ಚಾಕೊಲೇಟಿನಲ್ಲಿ ಆನಂದಮೈಡ್ ಇರುವುದು ನಿಜ. ಅಳತೆಗೂ ಸಿಗದಷ್ಟಲ್ಲದಿದ್ದರೂ ಬಹಳ ಕಡಿಮೆ, ಕರುಳು ಮತ್ತು ಯಕೃತ್ತಿನ ಫಾ ಅದನ್ನು ದಾರಿಯಲ್ಲೇ ಒಡೆಯುತ್ತದೆ.

ಇನ್ನು ಜ್ವರ ಬಂದರೆ ನುಂಗುವ ಪ್ಯಾರಾಸಿಟಮಾಲ್. ಇಲ್ಲಿ ಫಾ ಒಡೆಯುವುದಿಲ್ಲ, ಕಟ್ಟುತ್ತದೆ. ಅದರ ಒಂದು ಪಾಲು ಯಕೃತ್ತಿನಲ್ಲಿ ಪ್ಯಾರಾ-ಅಮೈನೋಫಿನಾಲ್ ಆಗಿ ಮೆದುಳಿಗೆ ಬರುತ್ತದೆ. ಅಲ್ಲಿ ಫಾ ಅದಕ್ಕೆ ಅರಾಕಿಡೋನಿಕ್ ಆಮ್ಲ ಜೋಡಿಸಿ ಎಎಂ404 ಎಂಬ ಹೊಸ ಅಣು ಕಟ್ಟುತ್ತದೆ. 2005ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಫಾ ಇಲ್ಲದ ಇಲಿಗಳ ಮೆದುಳಲ್ಲಿ ಎಎಂ404 ಹುಟ್ಟುವುದಿಲ್ಲ, ಪ್ಯಾರಾಸಿಟಮಾಲ್ ಕೊಟ್ಟರೂ ಅವುಗಳ ನೋವು ತಗ್ಗುವುದಿಲ್ಲ.