ಫ್ರೋಜನ್ ಎಸ್‌ಎಸ್‌ಡಿ: ನಾಲ್ಕನೇ ರಾತ್ರಿ

ಕೊನೆಗೂ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕು) ಖಾಲಿಯಾಯಿತು.

ಚಿಕ್ಕಪ್ಪನ ಟ್ಯಾಕ್ಸ್ ಆಫೀಸಿನ ಹಳೇ ಡಿಸ್ಕುಗಳು ಇವು. ಊರವರ ಪ್ಯಾನ್, ಪಾಸ್‌ಬುಕ್ ಎಲ್ಲಾ ಅದರಲ್ಲೇ. "ಫಾರ್ಮ್ಯಾಟ್ ಹೊಡೆದು ಗುಜರಿಗೆ ಹಾಕೋ" ಅಂದಿದ್ದರು. ಇಂಥ ಡೇಟಾಗೆ ಅಷ್ಟು ಸಾಲದು. ಹಾರ್ಡ್ ಡಿಸ್ಕ್ ಎರಡಕ್ಕೂ ಒಂದೊಂದು ಸುತ್ತು ಸೊನ್ನೆ ಬರೆದೆ, ಮುಗೀತು. 35 ಸುತ್ತು ಬೇಕು ಅನ್ನುವವರಿಗೆ ನಮಸ್ಕಾರ. ಆ ಲೆಕ್ಕ 1996ರದ್ದು, ಆ ಕಾಲದ ಡಿಸ್ಕುಗಳದ್ದು.

ಕಾಡಿದ್ದು 120 ಜಿಬಿ ಎಸ್‌ಎಸ್‌ಡಿ. ಮೇಲಿಂದ ಸೊನ್ನೆ ಬರೆದರೆ ಅದರೊಳಗಿನ ಕಂಟ್ರೋಲರ್ ಚಿಪ್ ಬಚ್ಚಿಟ್ಟ ಬ್ಲಾಕ್‌ಗಳು ಹಾಗೇ ಉಳಿಯುತ್ತವೆ. ಎಲ್ಲವನ್ನೂ ನೀನೇ ಅಳಿಸಿಕೋ ಅಂತ ಡ್ರೈವಿಗೇ ಹೇಳುವ 'ಸೆಕ್ಯೂರ್ ಇರೇಸ್' ಕೊಡೋಣ ಅಂದರೆ, ಡಿಸ್ಕ್ ಕೂರಿಸಿದ್ದ ಯುಎಸ್‌ಬಿ ಡಬ್ಬಿ ಆ ಕಮಾಂಡನ್ನು ದಾಟಿಸಲೇ ಇಲ್ಲ. ಮದರ್‌ಬೋರ್ಡಿಗೆ ನೇರ ಚುಚ್ಚಿದೆ. ಆ ಕಮಾಂಡ್ ಕೊಡುವ ಲಿನಕ್ಸ್ ಪ್ರೋಗ್ರಾಮ್ ಎಚ್‌ಡಿಪಾರ್ಮ್ 'ಫ್ರೋಜನ್' ಅಂತು, ಅಂದರೆ ಅಳಿಸೋಕೆ ಬೀಗ. ಬೂಟ್ ಆಗುವಾಗಲೇ ಬಯಾಸ್ (ಮದರ್‌ಬೋರ್ಡಿನ ಸ್ವಂತ ಪ್ರೋಗ್ರಾಮ್) ಬೀಗ ಹಾಕುತ್ತದೆ, ಅಲ್ವಾ?

ಎಲ್ಲರೂ ಹೇಳುವ ಮದ್ದು: ಸಿಸ್ಟಮ್ ಮಲಗಿಸಿ ಎಬ್ಬಿಸು. ನನ್ನ ಬೋರ್ಡು ಮಲಗುತ್ತೆ, ಏಳಲ್ಲ. ಕುಂಭಕರ್ಣನಾದರೂ ಆರು ತಿಂಗಳಿಗೊಮ್ಮೆ ಏಳುತ್ತಿದ್ದ. ಎರಡು ರಾತ್ರಿ ಇದರಲ್ಲೇ ಹೋಯಿತು.

ಉಳಿದದ್ದು, ಬಯಾಸ್ ಕೈಗೆ ಸಿಗದ ಹಾಗೆ ಕಂಪ್ಯೂಟರ್ ಚಾಲೂ ಇರುವಾಗಲೇ ಎಸ್‌ಎಸ್‌ಡಿಗೆ ಪವರ್ ಚುಚ್ಚುವ ದಾರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಿಸ್ಕಿಗೆ ಉದ್ದನೆ ಸಾಟಾ ಪವರ್ ಕೇಬಲ್ ತಂದೆ. ಮನೆಗೆ ಬಂದು ನೋಡಿದರೆ ತುದಿ ಸಡಿಲ. ಮರುದಿನ ಹೋದರೆ "ಅಂಗಡಿ ಬಾಗಿಲು ದಾಟಿದ್ಮೇಲೆ ನಮ್ದಲ್ಲ ಸಾರ್". ಡಿಸ್ಕಿನ ನಕ್ಷತ್ರದಾಕಾರದ ಸ್ಕ್ರೂ ಬಿಚ್ಚುವ ಟಿ6 ಬಿಟ್ ಕೂಡ ಅಲ್ಲಿಂದಲೇ ತಂದಿದ್ದೆ. ಎರಡನೇ ಸ್ಕ್ರೂಗೇ ಅದರ ಹಲ್ಲು ಸವೆಯಿತು!

ನಾಲ್ಕನೇ ರಾತ್ರಿ ಬಯಾಸ್‌ನಲ್ಲಿ ಹಾಟ್‌ಪ್ಲಗ್ ಆನ್ ಮಾಡಿ, ಡೇಟಾ ಕೇಬಲ್ ಮಾತ್ರ ಹಾಕಿ, ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಓಡಿಸುವ ಲಿನಕ್ಸ್) ಪೂರ್ತಿ ಎದ್ದ ಮೇಲೆ ಪವರ್ ಕೊಟ್ಟೆ. 'ನಾಟ್ ಫ್ರೋಜನ್'! ಅಳಿಸುವ ಮೊದಲು ಡ್ರೈವಿಗೆ ಪಾಸ್‌ವರ್ಡ್ ಹಾಕಬೇಕು, ನಾನು ಹಾಕಿದ್ದು 'ಪಿ' ಒಂದೇ ಅಕ್ಷರ. ನಡುವೆ ಕರೆಂಟ್ ಹೋದರೆ ಡ್ರೈವ್ ಲಾಕ್ ಆಗಿಯೇ ಉಳಿಯಬಹುದು, ಆಗ ಇದೇ ಪಾಸ್‌ವರ್ಡ್ ಬೇಕು. ಎಂಟರ್ ಒತ್ತಿದೆ, ಯುಪಿಎಸ್ ಕೀಂ ಅಂತು. ಬೆವರು ಕಿತ್ತುಕೊಂಡಿತು.

ಎರಡು ನಿಮಿಷ ಬೇಕು ಅಂದಿದ್ದ ಡ್ರೈವ್ ಹನ್ನೊಂದು ಸೆಕೆಂಡಿಗೆ ಮುಗಿಸಿತು. ಓದಿಸಿದರೆ ಬರೀ ಸೊನ್ನೆ. ಖುಷಿಯ ಜೊತೆಗೇ ಅನುಮಾನ. 'ಅಳಿಸಿದೆ' ಅಂತ ಹೇಳಿಯೂ ಡೇಟಾ ಹಾಗೇ ಇಟ್ಟುಕೊಂಡ ಡ್ರೈವ್ 2011ರಲ್ಲಿ ಸ್ಯಾನ್ ಡಿಯಾಗೋದ ಸಂಶೋಧಕರ ಕೈಗೆ ಸಿಕ್ಕಿತ್ತು. ಹಾಗಾಗಿ ಬಿಚ್ಚಿದೆ. ಅಷ್ಟು ದೊಡ್ಡ ಡಬ್ಬಿಯೊಳಗೆ ಬೆರಳುದ್ದದ ಬೋರ್ಡು, ನಾಲ್ಕು ಚಿಪ್. ಒಂದೊಂದಕ್ಕೂ ಸುತ್ತಿಗೆ ಏಟು. ಮೊದಲೇ ಇದನ್ನೇ ಮಾಡಬಹುದಿತ್ತಲ್ಲ ಅಂತ ಕೇಳಬೇಡಿ.

ಅಂದಹಾಗೆ, ಹಾರ್ಡ್ ಡಿಸ್ಕುಗಳನ್ನೂ ಬಿಚ್ಚಿದ್ದೇನೆ, ಒಳಗಿನ ಅಯಸ್ಕಾಂತಕ್ಕಾಗಿ. ಡೇಟಾ ಓದುವ ಹೆಡ್ ಆಡಿಸುವ ತಂತಿ ಸುರುಳಿಗೆ (ಕಾಯಿಲ್) ಆಂಪ್ಲಿಫೈಯರ್ ಕೊಟ್ಟು ಸ್ಪೀಕರ್ ಮಾಡುವ ಆಸೆ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಗಾಜಿನದು, ಮರೆತು ಬಗ್ಗಿಸಿದೆ. ಚೂರುಗಳು ಇನ್ನೂ ಸೋಫಾ ಕೆಳಗಿಂದ ಸಿಗುತ್ತಿವೆ.

ನನ್ನ ಬೋರ್ಡು ಯಾಕೆ ಏಳಲ್ಲ ಅಂತ ಗೊತ್ತಿದ್ದವರು ತಿಳಿಸಿ.